ಅಂಗನವಾಡಿಯ ಕಿಟಕಿ ಮತ್ತು ಅಕ್ಕೋರ ರಜೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಕೂಲಿಗೋ ಹೊಲಕ್ಕೋ ಹೋಗುವ ತಾಯಿ ತನ್ನ ಮಗುವನ್ನು ಹಗಲು ಹೊತ್ತು ನಂಬಿ ಬಿಟ್ಟುಹೋಗಬಹುದಾದ ಸಾರ್ವಜನಿಕ ಜಾಗವೆಂದರೆ ಬಹುಕಾಲದಿಂದ ಅಂಗನವಾಡಿಯೇ ಆಗಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭಗೊಂಡು, ಕರ್ನಾಟಕದಲ್ಲಿ ತಿ. ನರಸೀಪುರದಿಂದ ಮೊದಲಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಹಳ್ಳಿಯ ಮಗುವನ್ನು ಮುಟ್ಟುವುದು ಈ ಕೇಂದ್ರದ ಮೂಲಕವೇ. ಅಲ್ಲಿ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಹಾಗೂ ಮೂರರಿಂದ ಆರು ವರ್ಷದ ಮಕ್ಕಳ ಒಂದು ಗುಂಪು ಒಂದೇ ಕೋಣೆಯಲ್ಲಿ ಉಂಡು, ಆಡಿ, ಮಲಗಿ ದಿನದ ಬಹುಪಾಲನ್ನು ಕಳೆಯುತ್ತದೆ. ಸಾಂಕ್ರಾಮಿಕ ರೋಗವೊಂದು ಊರು ಹೊಕ್ಕಾಗ ಇಂಥ ಜಾಗವನ್ನು ಮುಚ್ಚಬೇಕೋ ತೆರೆದಿಡಬೇಕೋ, ತೆರೆದಿಟ್ಟರೆ ಮಕ್ಕಳನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಹೇಗೆ ಕಾಯಬೇಕು ಎಂಬ ಪ್ರಶ್ನೆ 2020ರಲ್ಲಿ ಏಕಾಏಕಿ ಎದುರಾಯಿತು. ಅದಕ್ಕೆ ಆಗ ಸಿಕ್ಕ ಉತ್ತರ ಕೇಂದ್ರಗಳ ಬಾಗಿಲಿಗೆ ಬೀಗ ಹಾಕುವುದಾಗಿತ್ತು.

ಆ ಉತ್ತರಕ್ಕೆ ಕಾರಣವಿರಲಿಲ್ಲವೆಂದಲ್ಲ. ಕೋವಿಡ್‌ನಿಂದ ದೇಶದಲ್ಲಿ ಮೊದಲ ಸಾವು ಸಂಭವಿಸಿದ್ದು 2020ರ ಮಾರ್ಚ್‌ನಲ್ಲಿ, ನೆರೆಯ ಕಲಬುರಗಿಯಲ್ಲಿ. ಇಂಡಿ ತಾಲ್ಲೂಕಿನ ಹೊರ್ತಿಯ ಮೇಲೆ ಹಾಯುವ ಹೆದ್ದಾರಿ ಧೂಳಖೇಡದ ಬಳಿ ಭೀಮಾ ನದಿಯನ್ನು ದಾಟಿ ನೇರವಾಗಿ ಸೊಲ್ಲಾಪುರಕ್ಕೆ ಸೇರುತ್ತದೆ. ಕಬ್ಬು ಕಡಿಯಲು, ಕಟ್ಟಡ ಕಟ್ಟಲು ಮುಂಬೈ, ಪುಣೆ, ಗೋವಾಗಳಿಗೆ ಗುಳೆ ಹೋದ ಕುಟುಂಬಗಳು ಆ ವರ್ಷದ ಬೇಸಿಗೆಯಲ್ಲಿ ಇದೇ ದಾರಿಯಿಂದ ಊರಿಗೆ ಮರಳಿ, ಶಾಲೆ ಮತ್ತು ವಸತಿನಿಲಯಗಳಲ್ಲಿ ಕ್ವಾರಂಟೈನ್‌ಗೆ ಒಳಗಾದವು. ರೋಗದ ಸ್ವಭಾವವೇ ತಿಳಿಯದಿದ್ದ ಆ ವಾರಗಳಲ್ಲಿ ಚಿಕ್ಕ ಮಕ್ಕಳ ಕೇಂದ್ರಗಳನ್ನು ಮುಚ್ಚಿದ್ದು ಎಚ್ಚರದ ನಡೆಯೇ. ಆದರೆ ವಾರಗಳ ಮಟ್ಟಿಗೆ ಸರಿಯಾಗಿದ್ದ ಕ್ರಮ ತಿಂಗಳುಗಟ್ಟಲೆ ಮುಂದುವರಿಯಿತು. ಕಂಟೈನ್‌ಮೆಂಟ್ ವಲಯಗಳ ಹೊರಗಿನ ಅಂಗನವಾಡಿಗಳನ್ನು ತೆರೆಯುವ ಬಗ್ಗೆ 2021ರ ಜನವರಿ 31ರೊಳಗೆ ತೀರ್ಮಾನ ಕೈಗೊಳ್ಳಬೇಕೆಂದು ಸುಪ್ರೀಂ ಕೋರ್ಟ್ ಅದೇ ತಿಂಗಳ 13ರಂದು ರಾಜ್ಯಗಳಿಗೆ ಸೂಚಿಸಿತಾದರೂ, ಬೇಸಿಗೆಯಲ್ಲಿ ಎರಡನೆಯ ಅಲೆ ಅಪ್ಪಳಿಸಿ, ಕರ್ನಾಟಕದ ಅಂಗನವಾಡಿಗಳು ಮಕ್ಕಳಿಗೆ ಮತ್ತೆ ತೆರೆದದ್ದು 2021ರ ನವೆಂಬರ್ 8ರಂದು, ಅದೂ ಮೊದಲಿಗೆ ಸೋಂಕಿನ ಪ್ರಮಾಣ ಕಡಿಮೆಯಿದ್ದ ತಾಲ್ಲೂಕುಗಳಲ್ಲಿ ಮತ್ತು ಬೆಳಗಿನ ಎರಡು ತಾಸಿನ ಮಟ್ಟಿಗೆ. ಹತ್ತಿರ ಹತ್ತಿರ ಇಪ್ಪತ್ತು ತಿಂಗಳೆಂದರೆ ಮೂರು ವರ್ಷ ತುಂಬಿ ಅಂಗನವಾಡಿಗೆ ಸೇರಬೇಕಿದ್ದ ಮಗು ಐದರ ಹತ್ತಿರ ಬರುವಷ್ಟು ಕಾಲ.

ಮುಚ್ಚಿದ ಬಾಗಿಲು ಮಕ್ಕಳನ್ನು ಸೋಂಕಿನಿಂದ ಎಷ್ಟರಮಟ್ಟಿಗೆ ಕಾಯಿತು ಎಂಬುದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನಾಲ್ಕನೆಯ ಸೀರೋ ಸಮೀಕ್ಷೆಯಲ್ಲಿ ಒಂದು ಸುಳಿವು ದೊರೆಯುತ್ತದೆ. ಸೀರೋ ಸಮೀಕ್ಷೆಯೆಂದರೆ ಜನರ ರಕ್ತದಲ್ಲಿ ರೋಗಾಣುವಿನ ವಿರುದ್ಧ ಹುಟ್ಟಿದ ಪ್ರತಿಕಾಯಗಳಿವೆಯೇ ಎಂದು ಪರೀಕ್ಷಿಸಿ, ಎಷ್ಟು ಮಂದಿಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಸೋಂಕು ತಗುಲಿಹೋಗಿದೆ ಎಂದು ಅಂದಾಜಿಸುವ ಕ್ರಮ. ದೊಡ್ಡವರಲ್ಲಿ ಲಸಿಕೆಯಿಂದ ಹುಟ್ಟಿದ ಪ್ರತಿಕಾಯಗಳೂ ಇದರಲ್ಲಿ ಸೇರಿರಬಹುದು, ಲಸಿಕೆಯೇ ಇಲ್ಲದಿದ್ದ ಮಕ್ಕಳಲ್ಲಿ ಮಾತ್ರ ಅವು ಸೋಂಕಿನ ಗುರುತೇ ಸರಿ. 2021ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ನಡೆದ ಆ ಸಮೀಕ್ಷೆಯಲ್ಲಿ ಆರರಿಂದ ಒಂಬತ್ತು ವರ್ಷದ ಮಕ್ಕಳ ಪೈಕಿ ಶೇ 57.2ರಷ್ಟು, ಹತ್ತರಿಂದ ಹದಿನೇಳು ವರ್ಷದವರ ಪೈಕಿ ಶೇ 61.6ರಷ್ಟು ಮಂದಿಯಲ್ಲಿ ಪ್ರತಿಕಾಯಗಳು ಕಂಡುಬಂದವು. ಆ ಅವಧಿಯ ಬಹುಪಾಲು ಶಾಲೆಯಿಂದ ಹೊರಗಿದ್ದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸೋಂಕು ತಗುಲಿದ್ದು ಎಲ್ಲಿಂದ ಎಂದು ಕೇಳಿದರೆ, ಬಹುಮಟ್ಟಿಗೆ ಮನೆಯ ದೊಡ್ಡವರಿಂದ ಮತ್ತು ಓಣಿಯಿಂದ ಎನ್ನದೆ ಬೇರೆ ಉತ್ತರವಿಲ್ಲ. ಸಮೀಕ್ಷೆ ಆರು ವರ್ಷಕ್ಕಿಂತ ಚಿಕ್ಕವರನ್ನು ಒಳಗೊಂಡಿರಲಿಲ್ಲ. ಆದರೂ ಅಜ್ಜ, ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮಂದಿರು ಒಂದೇ ಪಡಸಾಲೆಯಲ್ಲಿ ಮಲಗುವ ಈ ಭಾಗದ ಮನೆಗಳಲ್ಲಿ ನಾಲ್ಕು ವರ್ಷದ ಮಗುವಿನ ಸ್ಥಿತಿ ಬೇರೆಯಾಗಿದ್ದೀತೆಂದು ಎಣಿಸಲು ಆಧಾರವಿಲ್ಲ.

ಶಿಶುವಿಹಾರಗಳು ತೆರೆದೇ ಇದ್ದ ಕಡೆ ಏನಾಯಿತು ಎಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಮಕ್ಕಳ ಆರೈಕೆ ಮಾಡುವ 57,335 ಮಂದಿಯಿಂದ ಮಾಹಿತಿ ಪಡೆದು, ಸಾಂಕ್ರಾಮಿಕದ ಮೊದಲ ತಿಂಗಳುಗಳಲ್ಲಿ ಕೆಲಸ ಮುಂದುವರಿಸಿದವರನ್ನು ಕೇಂದ್ರ ಮುಚ್ಚಿ ಮನೆಯಲ್ಲಿದ್ದವರೊಂದಿಗೆ ಹೋಲಿಸಿದಾಗ, ಮಕ್ಕಳ ನಡುವೆ ಕೆಲಸ ಮಾಡಿದ್ದರಿಂದಲೇ ಸೋಂಕು ಹೆಚ್ಚಿತೆನ್ನಲು ಪುರಾವೆ ಸಿಗಲಿಲ್ಲ. ಆ ಕೇಂದ್ರಗಳಲ್ಲಿ ಗುಂಪುಗಳು ಚಿಕ್ಕವಿದ್ದವು, ಕೈತೊಳೆಯುವಿಕೆ ಕಟ್ಟುನಿಟ್ಟಾಗಿತ್ತು, ಜ್ವರ ಬಂದವರನ್ನು ಒಳಗೆ ಬಿಡುತ್ತಿರಲಿಲ್ಲ ಮತ್ತು ಸುತ್ತಲ ಊರಿನಲ್ಲಿ ಸೋಂಕು ಇನ್ನೂ ಹೆಚ್ಚಿರಲಿಲ್ಲ ಎಂಬುದನ್ನು ಮರೆತು ಈ ಫಲಿತಾಂಶವನ್ನು ಎಲ್ಲೆಡೆ ಅನ್ವಯಿಸುವುದು ತಪ್ಪಾಗುತ್ತದೆ. ಅದೇ ದೇಶದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಪ್ರದೇಶದ ಮೂರು ಕೇಂದ್ರಗಳಲ್ಲಿ 2020ರ ಏಪ್ರಿಲ್‌ನಿಂದ ಜುಲೈವರೆಗೆ ಸೋಂಕು ಹಬ್ಬಿದಾಗ, ಅಲ್ಲಿ ರೋಗ ತಗುಲಿಸಿಕೊಂಡ 12 ಮಕ್ಕಳು ಮನೆಯವರೂ ಸೇರಿದಂತೆ ಹೊರಗಿನ ಕನಿಷ್ಠ 12 ಮಂದಿಗೆ ಅದನ್ನು ದಾಟಿಸಿದ್ದರು. ಮಕ್ಕಳಲ್ಲಿ ಲಕ್ಷಣಗಳು ತೀರ ಸೌಮ್ಯವಾಗಿದ್ದವು ಅಥವಾ ಕಾಣಿಸಿಕೊಂಡೇ ಇರಲಿಲ್ಲ. ಎರಡನ್ನೂ ಕೂಡಿಸಿ ಓದಿದರೆ ತಿಳಿಯುವುದಿಷ್ಟು: ಶಿಶುಕೇಂದ್ರ ತನ್ನಷ್ಟಕ್ಕೆ ತಾನು ರೋಗದ ಗೂಡಲ್ಲ, ಆದರೆ ಒಳಗಿನ ಏರ್ಪಾಡು ಸಡಿಲವಾದರೆ ಅದು ರೋಗವನ್ನು ಮನೆಮನೆಗೆ ಒಯ್ಯುವ ದಾರಿಯಾಗಬಲ್ಲದು. ಹಾಗಾಗಿ ಚರ್ಚೆ ನಡೆಯಬೇಕಾದದ್ದು ಬಾಗಿಲಿನ ಬಗ್ಗೆ ಅಲ್ಲ, ಬಾಗಿಲ ಒಳಗಿನ ಏರ್ಪಾಡಿನ ಬಗ್ಗೆ.

ಆ ಏರ್ಪಾಡಿನಲ್ಲಿ ಮಗುವಿನಿಂದ ಏನನ್ನೂ ನಿರೀಕ್ಷಿಸುವಂತಿಲ್ಲ. ದೊಡ್ಡವರಿಗೆ ಹೇಳಿದ ಎರಡು ಮುಖ್ಯ ನಿಯಮಗಳಾದ ಅಂತರ ಮತ್ತು ಮಾಸ್ಕ್ ಚಿಕ್ಕ ಮಕ್ಕಳಿಗೆ ಹೊಂದುವುದಿಲ್ಲ. ಅತ್ತ ಮಗುವನ್ನು ಎತ್ತಿಕೊಳ್ಳದೆ, ಮೂಗು ಒರೆಸದೆ, ತುತ್ತು ಕೊಡದೆ ನೋಡಿಕೊಳ್ಳುವುದು ಯಾರಿಗೂ ಸಾಧ್ಯವಿಲ್ಲ, ಸಾಧ್ಯವಾಗಲೂಬಾರದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರ ಆಗಸ್ಟ್‌ನಲ್ಲಿಯೇ ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಾಸ್ಕ್ ಕಡ್ಡಾಯ ಮಾಡಬಾರದೆಂದವು; ಭಾರತದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವೂ 2021ರ ಜೂನ್‌ನಲ್ಲಿ ಅದನ್ನೇ ಹೇಳಿತು. ಈ ವಯಸ್ಸಿನವರಿಗೆ ಭಾರತದಲ್ಲಿ ಕೋವಿಡ್ ಲಸಿಕೆಯೂ ಬರಲಿಲ್ಲ. ಹೀಗೆ ಮಗು ತನ್ನನ್ನು ತಾನು ಕಾಯ್ದುಕೊಳ್ಳುವ ಮಾರ್ಗಗಳು ಒಂದೊಂದಾಗಿ ಇಲ್ಲವಾದಾಗ ಉಳಿಯುವುದು ಮೂರು: ಕೋಣೆಯ ಗಾಳಿ, ಕೈತೊಳೆಯುವ ನೀರು ಮತ್ತು ನೋಡಿಕೊಳ್ಳುವ ಹೆಂಗಸರ ಆರೋಗ್ಯ.

ಗಾಳಿಯ ಮಾತು ಮೊದಲು ಬರಬೇಕು, ಏಕೆಂದರೆ 2020ರಲ್ಲಿ ಅತ್ಯಂತ ಕಡಿಮೆ ಗಮನ ಪಡೆದದ್ದು ಅದೇ. ಕೋವಿಡ್ ವೈರಾಣು ಕೆಮ್ಮಿದಾಗ ಸಿಡಿಯುವ ದೊಡ್ಡ ಹನಿಗಳಲ್ಲಿ ಮಾತ್ರವಲ್ಲದೆ, ಮಾತಾಡುವಾಗ, ಹಾಡುವಾಗ, ಸುಮ್ಮನೆ ಉಸಿರಾಡುವಾಗಲೂ ಹೊರಬೀಳುವ ಅತಿಸೂಕ್ಷ್ಮ ಕಣಗಳಲ್ಲಿಯೂ ಇರುತ್ತದೆ; ಏರೋಸಾಲ್ ಎಂದು ಕರೆಯಲಾಗುವ ಈ ಕಣಗಳು ಗಾಳಿಯಾಡದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಾ ಉಳಿಯುತ್ತವೆ. ಹೀಗಿದ್ದರೂ ಮೊದಲ ವರ್ಷವೆಲ್ಲ ಶ್ರಮ ಸುರಿದದ್ದು ನೆಲ, ಬಾಗಿಲು, ಆಟಿಕೆಗಳನ್ನು ಒರೆಸುವುದರ ಮೇಲೆ. ಮುಟ್ಟಿದ ಮೇಲ್ಮೈಯಿಂದ ಸೋಂಕು ತಗುಲುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆಯೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಹೇಳುವ ಹೊತ್ತಿಗೆ ಊರೂರುಗಳಲ್ಲಿ ಸಾಕಷ್ಟು ಔಷಧ ಸಿಂಪಡಣೆ ಮುಗಿದಿತ್ತು. ಉತ್ತರ ಪ್ರದೇಶದ ಬರೇಲಿಯಲ್ಲಂತೂ 2020ರ ಮಾರ್ಚ್‌ನಲ್ಲಿ ಊರಿಗೆ ಮರಳುತ್ತಿದ್ದ ಕೂಲಿಕಾರರನ್ನು ಮಕ್ಕಳ ಸಮೇತ ಕುಳ್ಳಿರಿಸಿ, ಬಸ್ಸು ತೊಳೆಯುವ ಬ್ಲೀಚಿಂಗ್ ದ್ರಾವಣವನ್ನು ಮೈಮೇಲೆ ಎರಚಲಾಯಿತು. ಬ್ಲೀಚಿಂಗ್ ನೀರು ನೆಲಕ್ಕೂ ಶೌಚಾಲಯಕ್ಕೂ ಸರಿ. ಮಗುವಿನ ಕಣ್ಣಿಗೆ, ಚರ್ಮಕ್ಕೆ, ಶ್ವಾಸಕೋಶಕ್ಕೆ ಅದು ವಿಷವೇ.

ಈ ಭಾಗದ ಅಂಗನವಾಡಿಯ ಕೋಣೆಯನ್ನು ಗಾಳಿಯ ದೃಷ್ಟಿಯಿಂದ ನೋಡಿದರೆ ಮಾಡಬೇಕಾದ ಕೆಲಸ ಕಣ್ಣಿಗೆ ಕಟ್ಟುತ್ತದೆ. ಹಲವು ಕೇಂದ್ರಗಳಲ್ಲಿ ಹಿಂಬದಿಯ ಕಿಟಕಿಗೆ ಅಡ್ಡವಾಗಿ ಅಕ್ಕಿ, ಬೇಳೆ, ಪುಷ್ಟಿ ಪೊಟ್ಟಣಗಳ ಚೀಲಗಳನ್ನು ಒಟ್ಟಿರುತ್ತಾರೆ, ಧೂಳು ಮತ್ತು ಇಲಿಯ ಭಯಕ್ಕೆ ಕಿಟಕಿಯ ಬಾಗಿಲನ್ನು ಮೊಳೆ ಹೊಡೆದು ಮುಚ್ಚಿರುತ್ತಾರೆ, ಕೋಣೆಯ ಮೂಲೆಯಲ್ಲೇ ಒಲೆಯೋ ಗ್ಯಾಸೋ ಉರಿಯುತ್ತಿರುತ್ತದೆ. ಎದುರುಬದುರು ಇರುವ ಒಂದು ಬಾಗಿಲು, ಒಂದು ಕಿಟಕಿ ತೆರೆದರೆ ಕೋಣೆಯ ಗಾಳಿ ಬದಲಾಗುತ್ತದೆ. ಒಂದೇ ಬದಿಯ ಎರಡು ಕಿಟಕಿಗಳು ಅಷ್ಟು ಕೆಲಸ ಮಾಡಲಾರವು. ಆದ್ದರಿಂದ ಚೀಲಗಳನ್ನು ಪಕ್ಕದ ಗೋಡೆಗೆ ಸರಿಸಿ, ಆ ಕಿಟಕಿಗೆ ಇಲಿ ನುಸುಳದಂಥ ಜಾಳಿಗೆ ಬಡಿದು, ಗೋಡೆಯ ಮೇಲ್ಭಾಗದಲ್ಲಿ ಗಾಳಿಯನ್ನು ಹೊರಕ್ಕೆಳೆಯುವ ಒಂದು ಫ್ಯಾನು ಕೂಡಿಸಿದರೆ, ಪಂಚಾಯಿತಿಗೆ ತಗಲುವ ಖರ್ಚು ಹಲವು ಬಾರಿ ಔಷಧ ಸಿಂಪಡಿಸುವ ಖರ್ಚಿಗಿಂತ ಹೆಚ್ಚಾಗಲಾರದು ಮತ್ತು ಅದರ ಪ್ರಯೋಜನ ಕೋವಿಡ್‌ಗೆ ಮಾತ್ರ ಸೀಮಿತವಾಗದೆ ಕ್ಷಯ, ದಡಾರ, ನೆಗಡಿಗಳಿಗೂ ಸಲ್ಲುತ್ತದೆ. ಇನ್ನು ಕೋಣೆಗಿಂತ ಒಳ್ಳೆಯದು ಬಯಲು. ಬೇವಿನ ಮರದ ನೆರಳು, ಗುಡಿಯ ಕಟ್ಟೆ, ಶಾಲೆಯ ಪಡಸಾಲೆ ಇವೆಲ್ಲ ಊರಿನಲ್ಲಿ ಇದ್ದೇ ಇವೆ. ಹಾಡು, ಕುಣಿತ, ಜೋರಾಗಿ ಹೇಳುವ ಪಾಠಗಳನ್ನು ಅಲ್ಲಿಗೆ ಒಯ್ದು, ಕೋಣೆಯನ್ನು ನಿದ್ದೆಗೂ ಮಳೆಗೂ ಉಳಿಸಿಕೊಳ್ಳಬಹುದು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುವುದರಿಂದ ಬಯಲಿನ ಹೊತ್ತು ಬೆಳಗ್ಗೆಯೇ ಮುಗಿಯಬೇಕು. ಪತ್ರಾಸಿನ ಶೆಡ್ಡಿನಲ್ಲಿ ನಡೆಯುವ ಕೇಂದ್ರಗಳಿಗೆ ಬಿಸಿಲೇ ಸೋಂಕಿಗಿಂತ ಹತ್ತಿರದ ಅಪಾಯ.

ಕೈತೊಳೆಯುವ ಉಪದೇಶ ಮಾಡುವವರು ಈ ತಾಲ್ಲೂಕುಗಳ ನೀರಿನ ಕಥೆಯನ್ನು ಮರೆಯುವಂತಿಲ್ಲ. ಆಲಮಟ್ಟಿಯ ಅಣೆಕಟ್ಟೆ ಇದೇ ಜಿಲ್ಲೆಯ ಅಂಚಿನಲ್ಲಿದ್ದರೂ ಹೊರ್ತಿಯ ಸುತ್ತಲಿನ ಎರೆ ಮತ್ತು ಮಡ್ಡಿ ನೆಲದ ಊರುಗಳು ಏತ ನೀರಾವರಿಗಾಗಿ ವರ್ಷಗಟ್ಟಲೆ ಹೋರಾಡಿದ್ದು, ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದದ್ದು ಎಲ್ಲರಿಗೂ ತಿಳಿದ ಸಂಗತಿ. ಸಾಬೂನು ವೈರಾಣುವಿನ ಹೊರಗಿನ ಕೊಬ್ಬಿನ ಪೊರೆಯನ್ನು ಕರಗಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಅದಕ್ಕೆ ಬೇಕಾದದ್ದು ಇಪ್ಪತ್ತು ಸೆಕೆಂಡಿನ ಉಜ್ಜುವಿಕೆಯೇ ಹೊರತು ಹೆಚ್ಚು ನೀರಲ್ಲ. ಐದು ಲೀಟರಿನ ಎಣ್ಣೆ ಕ್ಯಾನಿನ ಮೇಲ್ಬದಿಗೆ ಕಾಯಿಸಿದ ಮೊಳೆಯಿಂದ ಒಂದು ತೂತು ಮಾಡಿ, ಎರಡು ಗೂಟಗಳ ನಡುವಿನ ಕೋಲಿಗೆ ತೂಗುಹಾಕಿ, ಅದರ ಬಾಯಿಗೆ ಕಟ್ಟಿದ ಹಗ್ಗವನ್ನು ನೆಲದ ಮೇಲಿನ ಒಂದು ಕಟ್ಟಿಗೆಗೆ ಜೋಡಿಸಿದರೆ, ಮಗು ಕಾಲಿನಿಂದ ಕಟ್ಟಿಗೆಯನ್ನು ತುಳಿದಾಗ ಕ್ಯಾನು ಬಾಗಿ ಸಣ್ಣ ಧಾರೆಯಲ್ಲಿ ನೀರು ಬೀಳುತ್ತದೆ. ನಲ್ಲಿಯನ್ನು ಮುಟ್ಟುವ ಪ್ರಸಂಗವಿಲ್ಲ, ಚರಿಗೆಯನ್ನು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುವ ಪ್ರಸಂಗವೂ ಇಲ್ಲ, ಮೇಲಾಗಿ ಮಕ್ಕಳಿಗೆ ಅದೊಂದು ಆಟ. ಬಂದಾಗ, ಊಟಕ್ಕೆ ಮುಂಚೆ, ಶೌಚದ ನಂತರ, ಮನೆಗೆ ಹೊರಡುವಾಗ ಹೀಗೆ ತೊಳೆಸಿದರೆ ಸಾಕು. ಸ್ಯಾನಿಟೈಸರ್‌ನಲ್ಲಿ ಮದ್ಯಸಾರ ಇರುವುದರಿಂದ ಬೆರಳು ಚೀಪುವ, ಕಣ್ಣು ಉಜ್ಜಿಕೊಳ್ಳುವ ವಯಸ್ಸಿನವರ ಕೈಗೆ ಅದು ಸಿಗದಿರುವುದೇ ಕ್ಷೇಮ. ಕೈತೊಳೆಯುವುದರಿಂದ ಕೋವಿಡ್‌ಗಿಂತ ಹೆಚ್ಚಾಗಿ ತಪ್ಪುವುದು ವಾಂತಿಭೇದಿ, ಹೊಟ್ಟೆಯ ಜಂತು, ಕೈಕಾಲು ಬಾಯಿ ರೋಗ ಎಂಬುದು ನಿಜ. ಅಂಗನವಾಡಿ ವಯಸ್ಸಿನ ಮಗುವಿಗೆ ಅವೇನೂ ಸಣ್ಣ ಶತ್ರುಗಳಲ್ಲ.

ಮೂರನೆಯದು, ಎಲ್ಲಕ್ಕಿಂತ ಮಿಗಿಲಾದದ್ದು, ಈ ಸೀಮೆಯ ಜನ ಅಕ್ಕೋರು ಎಂದು ಕರೆಯುವ ಕಾರ್ಯಕರ್ತೆಯ ಮತ್ತು ಅವರ ಸಹಾಯಕಿಯ ಆರೋಗ್ಯ. ಫ್ರಾನ್ಸಿನ 22 ಶಿಶುವಿಹಾರಗಳಲ್ಲಿ 2020ರ ಜೂನ್ ಮತ್ತು ಜುಲೈನಲ್ಲಿ ನಡೆದ ಅಧ್ಯಯನವೊಂದರಲ್ಲಿ ಪ್ರತಿಕಾಯಗಳು ಕಂಡದ್ದು ಮಕ್ಕಳಲ್ಲಿ ಶೇ 3.7ರಷ್ಟು ಮಂದಿಯಲ್ಲಾದರೆ ಸಿಬ್ಬಂದಿಯಲ್ಲಿ ಶೇ 6.8ರಷ್ಟು ಮಂದಿಯಲ್ಲಿ, ಮಕ್ಕಳಿಗೆ ಸೋಂಕು ಬಂದದ್ದು ಹೆಚ್ಚಾಗಿ ಮನೆಯವರಿಂದ ಎಂದು ಸಂಶೋಧಕರು ತೀರ್ಮಾನಿಸಿದರು. ಅಂದರೆ ರೋಗದ ಭಾರ ಇರುವುದು ದೊಡ್ಡವರ ಮೇಲೆ. ಕರ್ನಾಟಕದ ಕಾರ್ಯಕರ್ತೆಯರ ಮಟ್ಟಿಗೆ ಈ ಭಾರ ಕೇಂದ್ರದ ಬಾಗಿಲು ಮುಚ್ಚಿದ್ದರಿಂದ ಇಳಿಯಲಿಲ್ಲ, ಬದಲಿಗೆ ಏರಿತು. ಮಕ್ಕಳು ಬರದಿದ್ದರೂ ಅವರೇ ಮನೆಮನೆಗೆ ಆಹಾರದ ಸಾಮಗ್ರಿ ಮುಟ್ಟಿಸಿದರು, ಆಶಾ ಕಾರ್ಯಕರ್ತೆಯರ ಜೊತೆಗೂಡಿ ಜ್ವರ, ಕೆಮ್ಮು ಇರುವವರ ಪಟ್ಟಿ ಮಾಡಿದರು, ಹೊರಗಿನಿಂದ ಬಂದವರ ಮನೆಗಳ ಬಾಗಿಲಲ್ಲಿ ನಿಂತರು. 2021ರ ಜನವರಿ 16ರಂದು ಲಸಿಕೆ ಆರಂಭವಾದಾಗ ಆರೋಗ್ಯ ಸಿಬ್ಬಂದಿಯ ಸಾಲಿನಲ್ಲೇ ಅವರನ್ನೂ ಸೇರಿಸಿದ್ದು ನ್ಯಾಯವೂ ಆಗಿತ್ತು, ವಿವೇಕವೂ ಆಗಿತ್ತು. ಮಗುವಿಗೆ ಲಸಿಕೆ ಇಲ್ಲದಾಗ ಅದರ ಸುತ್ತಲಿನ ದೊಡ್ಡವರೆಲ್ಲರಿಗೂ ಲಸಿಕೆ ಹಾಕಿ ಮಗುವಿನ ಸುತ್ತ ರಕ್ಷಣೆಯ ಒಂದು ಪೊರೆ ಹೆಣೆಯುವ ಕ್ರಮ ಸಾರ್ವಜನಿಕ ಆರೋಗ್ಯದಲ್ಲಿ ಹಳೆಯದು, ಪರೀಕ್ಷೆಗೆ ನಿಂತದ್ದು. ಕಾರ್ಯಕರ್ತೆ, ಸಹಾಯಕಿ, ಮನೆಯ ಅಜ್ಜ ಅಜ್ಜಿಯರೆಲ್ಲರೂ ಆ ಪೊರೆಯೊಳಗೆ ಬರುತ್ತಾರೆ.

ಆದರೆ ಲಸಿಕೆಯಷ್ಟೇ ಮುಖ್ಯವಾದ ಮತ್ತೊಂದು ಔಷಧ ರಜೆ, ಮತ್ತು ಅದರ ಬಗ್ಗೆ ಮಾರ್ಗಸೂಚಿಗಳಲ್ಲಿ ಸಿಗುವ ಮಾತು ಕಡಿಮೆ. ಮಕ್ಕಳ ಕೇಂದ್ರದಲ್ಲಿ ಪಾಲಿಸಲೇಬೇಕಾದ ಒಂದೇ ನಿಯಮ ಯಾವುದೆಂದು ಕೇಳಿದರೆ ಅದು ಮೈ ಬಿಸಿಯಾದವರು ಮನೆಯಲ್ಲಿರಬೇಕು ಎಂಬುದೇ. ಕಾರ್ಯಕರ್ತೆಗೆ ಸಿಗುವುದು ಸಂಬಳವೆಂಬ ಹೆಸರಿಲ್ಲದ ಗೌರವಧನ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇವರಿಗೆ ಗ್ರಾಚ್ಯುಟಿಯ ಹಕ್ಕಿದೆಯೆಂದು ತೀರ್ಪು ಕೊಡುವವರೆಗೆ ಇವರ ದುಡಿಮೆಯನ್ನು ಉದ್ಯೋಗವೆಂದು ಒಪ್ಪುವುದೇ ಕಷ್ಟವಾಗಿತ್ತು. ಅಕ್ಕೋರು ಕಾಯಿಲೆ ಬಿದ್ದರೆ ಇಡೀ ಕೇಂದ್ರ ಸಹಾಯಕಿಯ ತಲೆಯ ಮೇಲೆ ಬೀಳುತ್ತದೆ, ಸಹಾಯಕಿ ಮಲಗಿದರೆ ಅಡುಗೆ ನಿಲ್ಲುತ್ತದೆ, ಇಬ್ಬರೂ ಮಲಗಿದರೆ ಬೀಗ. ಈ ಸ್ಥಿತಿಯಲ್ಲಿ ಗಂಟಲು ಕೆರೆಯುತ್ತಿದ್ದರೂ ಮಾತ್ರೆ ನುಂಗಿ ಕೇಂದ್ರ ತೆರೆಯುವ ಹೆಂಗಸನ್ನು ಯಾರೂ ದೂರುವಂತಿಲ್ಲ. ಸೋಂಕು ಲಕ್ಷಣ ಕಾಣಿಸುವ ಒಂದೆರಡು ದಿನ ಮುಂಚೆಯೇ ಹರಡತೊಡಗುವುದರಿಂದ ಬಾಗಿಲಲ್ಲಿ ಜ್ವರ ನೋಡುವ ಉಪಕರಣ ಹಿಡಿದು ನಿಲ್ಲುವುದಕ್ಕಿಂತ, ಮನೆಯಲ್ಲಿ ಯಾರಿಗೋ ಸೋಂಕು ಇದೆಯೆಂದು ತಿಳಿದ ಕೂಡಲೇ ಗೌರವಧನಕ್ಕೆ ಕತ್ತರಿ ಬೀಳುತ್ತದೆಂಬ ಅಂಜಿಕೆಯಿಲ್ಲದೆ ಕಾರ್ಯಕರ್ತೆ ಹೇಳಿಕೊಳ್ಳಬಲ್ಲ ವಾತಾವರಣ ಹೆಚ್ಚು ಜನರನ್ನು ಉಳಿಸುತ್ತದೆ. ಮೂರು ನಾಲ್ಕು ಕೇಂದ್ರಗಳಿಗೆ ಒಬ್ಬರಂತೆ ತರಬೇತಿ ಪಡೆದ ಬದಲಿ ಕಾರ್ಯಕರ್ತೆಯನ್ನು ಮೊದಲೇ ಗೊತ್ತುಮಾಡಿ ಇಟ್ಟುಕೊಂಡರೆ ಈ ಗಂಟು ಬಿಚ್ಚುತ್ತದೆ.

ಮಕ್ಕಳ ವಿಷಯದಲ್ಲಿ ಮಾತ್ರ ಜ್ವರದ ನಿಯಮವನ್ನು ಹದವರಿತು ಬಳಸಬೇಕು, ಏಕೆಂದರೆ ಈ ವಯಸ್ಸಿನಲ್ಲಿ ಮೂಗು ಸೋರುವುದು ವರ್ಷದ ಬಹುಕಾಲ ಇದ್ದದ್ದೇ. ಸೋರುವ ಮೂಗನ್ನೆಲ್ಲ ಮನೆಗೆ ಕಳಿಸಿದರೆ ಕೇಂದ್ರದಲ್ಲಿ ಯಾರೂ ಉಳಿಯುವುದಿಲ್ಲ. ಮೈ ಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ, ಭೇದಿ ಇದ್ದರೆ, ಆಟ ಬಿಟ್ಟು ಮಗು ಮಂಕಾಗಿದ್ದರೆ ಮನೆ; ಉಸಿರಾಟ ಜೋರಾಗಿದ್ದರೆ ನೇರ ಆಸ್ಪತ್ರೆ. ಜೋರು ಎಂಬುದನ್ನು ಕಣ್ಣಂದಾಜಿನಲ್ಲಿ ಬಿಡದೆ, ಮಗು ಅಳದೆ ಶಾಂತವಾಗಿರುವಾಗ ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು: ಒಂದರಿಂದ ಐದು ವರ್ಷದ ಮಗುವಿನಲ್ಲಿ ನಿಮಿಷಕ್ಕೆ 40 ಅಥವಾ ಹೆಚ್ಚು, ಎರಡರಿಂದ ಹನ್ನೊಂದು ತಿಂಗಳ ಕೂಸಿನಲ್ಲಿ 50 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ, ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ ಎಣಿಸುತ್ತಾ ಕೂಡುವ ಹೊತ್ತೂ ಅಲ್ಲ. ಇನ್ನು ಕೋವಿಡ್ ವಾಸಿಯಾಗಿ ಎರಡರಿಂದ ಆರು ವಾರಗಳ ನಂತರ ಕೆಲವೇ ಮಕ್ಕಳಲ್ಲಿ ಬಿಡದ ಜ್ವರ, ಮೈಮೇಲೆ ಗಂಧೆ, ಕೆಂಗಣ್ಣು, ಹೊಟ್ಟೆನೋವು ಒಟ್ಟಿಗೆ ಕಾಣಿಸಿಕೊಳ್ಳಬಹುದು. ದೇಹದ ರಕ್ಷಣಾ ವ್ಯವಸ್ಥೆಯೇ ಕೆರಳಿ ಹಲವು ಅಂಗಗಳಿಗೆ ಉರಿಯೂತ ತರುವ ಈ ಸ್ಥಿತಿ ಅಪರೂಪ, ಆದರೆ ತಡಮಾಡಿದರೆ ಹೃದಯಕ್ಕೆ ಪೆಟ್ಟು.

ಕೇಂದ್ರ ಮುಚ್ಚಿದ್ದರ ಬೆಲೆಯನ್ನು ಲೆಕ್ಕ ಹಾಕದೆ ಈ ವಿಷಯ ಪೂರ್ತಿಯಾಗುವುದಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ ನಡೆದದ್ದು 2019ರಲ್ಲಿ, ಸಾಂಕ್ರಾಮಿಕಕ್ಕೆ ಮುಂಚೆ. ಆಗಲೇ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಕುಂಠಿತರಾಗಿದ್ದರು, ಶೇ 19.5ರಷ್ಟು ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದೆ ಸೊರಗಿದ್ದರು, ಆರು ತಿಂಗಳು ದಾಟಿದವರಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಇಂಥ ಮಕ್ಕಳಿಗೆ ಅಂಗನವಾಡಿಯ ಬಿಸಿಯೂಟ, ಮೊಟ್ಟೆ, 2013ರಿಂದ ಕ್ಷೀರಭಾಗ್ಯದಡಿ ಸಿಗುತ್ತಿದ್ದ 150 ಮಿಲಿಲೀಟರ್ ಹಾಲು ಎಂದರೆ ಔಷಧವೇ. ಸಾಮಗ್ರಿಯನ್ನು ಮನೆಗೆ ಮುಟ್ಟಿಸಿದ್ದು ದೊಡ್ಡ ಕೆಲಸ. ಆದರೂ ಕೂಲಿ ನಿಂತ ಮನೆಗೆ ಬಂದ ಮಗುವಿನ ಬೇಳೆ ಇಡೀ ಮನೆಯ ಸಾರಾಗುವುದು ಸಹಜ, ತಾಯಿಯ ಮುಂದೆ ಬೇರೆ ದಾರಿಯಾದರೂ ಏನಿತ್ತು? ತೂಕ ಹಿಡಿಯುವುದು ನಿಂತಾಗ ಸೊರಗುತ್ತಿರುವ ಮಗುವನ್ನು ಗುರುತಿಸುವ ಕಣ್ಣೂ ಇಲ್ಲವಾಯಿತು. ಚುಚ್ಚುಮದ್ದಿಗೂ ಪೆಟ್ಟು ಬಿತ್ತು. 2021ರಲ್ಲಿ ಜಗತ್ತಿನಾದ್ಯಂತ 2.5 ಕೋಟಿ ಮಕ್ಕಳು ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ವಿರುದ್ಧದ ಲಸಿಕೆಯ ಒಂದಾದರೂ ಡೋಸು ತಪ್ಪಿಸಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳಿದವು. 2022ರ ಕೊನೆಯಲ್ಲಿ ಮುಂಬೈಯ ಗೋವಂಡಿ ಮೊದಲಾದ ಬಡಾವಣೆಗಳಲ್ಲಿ ದಡಾರ ಹಬ್ಬಿ ಮಕ್ಕಳು ತೀರಿಕೊಂಡರು. ಮುಂಬೈಗೂ ಇಂಡಿ, ಸಿಂದಗಿಗಳಿಗೂ ಇರುವ ಹೋಗಿಬರುವ ನಂಟನ್ನು ಬಲ್ಲವರಿಗೆ ಇದು ದೂರದ ಸುದ್ದಿಯಲ್ಲ. ಗುಳೆಯಿಂದ ಮರಳಿದ ಕುಟುಂಬದ ಮಗು ಕೇಂದ್ರಕ್ಕೆ ಬಂದ ಮೊದಲ ದಿನವೇ ತಾಯಿ ಕಾರ್ಡ್ ತರಿಸಿ ನೋಡುವುದು, ಕಾರ್ಡ್ ಕಳೆದಿದ್ದರೆ ಆರೋಗ್ಯ ಸಹಾಯಕಿಗೆ ತಿಳಿಸಿ ತಪ್ಪಿದ ಡೋಸು ಹಾಕಿಸುವುದು ಸಾಂಕ್ರಾಮಿಕದ ಕಾಲಕ್ಕೂ ಉಳಿದ ಕಾಲಕ್ಕೂ ಸಮನಾಗಿ ಬೇಕಾದ ಕೆಲಸ.

ಇದೀಗ ಹಳ್ಳಿಗಳಲ್ಲಿ ಅಂಗನವಾಡಿಯ ಜೊತೆಗೆ ಮತ್ತೊಂದು ಬಗೆಯ ಕೇಂದ್ರ ಸೇರಿಕೊಂಡಿದೆ. 2023ರ ಜುಲೈನ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಣೆಯಾದ ಕೂಸಿನ ಮನೆ ಯೋಜನೆಯಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಕೂಸುಗಳನ್ನು ಊರಿನ ಹೆಂಗಸರೇ ತರಬೇತಿ ಪಡೆದು ನೋಡಿಕೊಳ್ಳುತ್ತಾರೆ. ಅಂಗನವಾಡಿಗೆ ಬರುವವರಿಗಿಂತ ಚಿಕ್ಕವರು ಇಲ್ಲಿ ಸೇರುವುದರಿಂದ ಎತ್ತುವುದು, ಉಣಿಸುವುದು, ತೊಳೆಯುವುದು ಹೆಚ್ಚು, ಆದ್ದರಿಂದ ಸೋಂಕಿನ ದಾರಿಗಳೂ ಹೆಚ್ಚು. ಹಳೆಯ ಪಂಚಾಯಿತಿ ಕಟ್ಟಡವನ್ನೋ ಸಮುದಾಯ ಭವನವನ್ನೋ ಕೂಸಿನ ಮನೆಗೆ ಒದಗಿಸುವಾಗ ಗೋಡೆಗೆ ಚಿತ್ರ ಬರೆಸುವ ಮುನ್ನ ಎದುರುಬದುರು ಕಿಟಕಿಗಳಿವೆಯೇ ಎಂದು ನೋಡುವುದು, ಶೌಚದ ನಂತರ ಕೂಸನ್ನು ತೊಳೆಯುವ ಜಾಗ ಅಡುಗೆಯ ಜಾಗದಿಂದ ಬೇರೆ ಇದೆಯೇ ಎಂದು ನೋಡುವುದು, ಆರೈಕೆ ಮಾಡುವ ಹೆಂಗಸಿಗೆ ಜ್ವರ ಬಂದ ದಿನ ಅವರ ಕೂಲಿ ತಪ್ಪದಂತೆ ಮತ್ತು ಅವರ ಬದಲಿಗೆ ಯಾರು ಬರುತ್ತಾರೆಂದು ಮೊದಲೇ ಠರಾವಿನಲ್ಲಿ ಬರೆದಿಡುವುದು ಪಂಚಾಯಿತಿಯ ಕೈಯಲ್ಲೇ ಇರುವ ಕೆಲಸಗಳು. ಇವುಗಳಲ್ಲಿ ಯಾವುದಕ್ಕೂ ಮತ್ತೊಂದು ಅಲೆ ಬರುವವರೆಗೆ ಕಾಯಬೇಕಾಗಿಲ್ಲ.